ಬಿಹೇವಿಯರ್ ಥೆರಪಿ ಕೆಲಸಕ್ಕೆ ಸೇರಬಹುದಾ? ಈ ಕೆಲಸದಲ್ಲಿ ಇರುವವರು, ಬಿಟ್ಟವರು ದಯವಿಟ್ಟು ಹೇಳಿ

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ಈ ವರ್ಷ ಎಂ.ಎಸ್ಸಿ. ಸೈಕಾಲಜಿ ಮುಗಿಸಿದ್ದೇನೆ. ಬೆಂಗಳೂರಿನ ಒಂದು ಆಟಿಸಂ ಸೆಂಟರ್‌ನಿಂದ ಬಿಹೇವಿಯರ್ ಥೆರಪಿಸ್ಟ್ ಕೆಲಸಕ್ಕೆ ಕರೆ ಬಂದಿದೆ. ಅಲ್ಲಿ ಬಳಸುವ ಎಬಿಎ ಅಂದರೆ ವರ್ತನಾ ವಿಶ್ಲೇಷಣೆ ಅಂತ ಗೊತ್ತು. ಆದರೆ ಕಾಲೇಜಿನಲ್ಲಿ ಅದರ ಬಗ್ಗೆ ಓದಿದ್ದು ಒಂದೇ ಪಾಠ. ಇಲಿಯನ್ನು ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡಿದ ಮನೋವಿಜ್ಞಾನಿ ಸ್ಕಿನ್ನರ್, ಪರೀಕ್ಷೆಗೆ ಹತ್ತು ಅಂಕ. ಅದನ್ನೇ ಮಕ್ಕಳ ಜೊತೆ ದಿನವಿಡೀ ಮಾಡುವುದು ಹೇಗಿರುತ್ತೆ ಅಂತ ಕಲ್ಪನೆಯೇ ಇಲ್ಲ.

ಅಪ್ಪ ಬಿ.ಎಡ್. ಮಾಡು, ಮೇಷ್ಟ್ರು ಕೆಲಸ ನೋಡು ಅಂತಿದ್ದಾರೆ. ನನಗೆ ಮಕ್ಕಳ ಜೊತೆ ಕೆಲಸ ಮಾಡುವ ಆಸೆ ಇದೆ. ದಿನದ ಕೆಲಸ ಹೇಗಿರುತ್ತೆ? ಮುಂದೆ ಬೆಳೆಯಲು ದಾರಿ ಇದೆಯಾ? ಬಿಟ್ಟವರು ಯಾರಾದರೂ ಇದ್ದರೆ, ಯಾಕೆ ಬಿಟ್ಟಿರಿ ಅಂತಲೂ ಹೇಳಿ.

ಬನಶಂಕರಿ ಥೆರಪಿಸ್ಟ್

ಸೇರಿ. ಆದರೆ ಸೇರುವ ಮುಂಚೆ ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನಿಮ್ಮ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿ ತಿದ್ದುವವರು ಯಾರು? ವಾರಕ್ಕೆ ಎಷ್ಟು ಹೊತ್ತು? ಸಂಬಳದ ಮಾತಿಗಿಂತ ಮೊದಲು ಇದನ್ನು ಕೇಳಿ. ಈ ಕೆಲಸವನ್ನು ಪುಸ್ತಕ ಓದಿ ಕಲಿಯಲು ಆಗುವುದಿಲ್ಲ. ತಿದ್ದುವವರಿಲ್ಲದೆ ಮಾಡಿದರೆ ಮಗುವಿಗೂ ತೊಂದರೆ, ನಿಮಗೂ ತೊಂದರೆ.

ದಿನದ ಕೆಲಸ ಅಂದರೆ ಹೆಚ್ಚಾಗಿ ನೆಲದ ಮೇಲೆ. ಒಂದು ಮಗುವಿಗೆ ಒಂದೋ ಎರಡೋ ಗಂಟೆ, ಆಮೇಲೆ ಇನ್ನೊಂದು ಮಗು. ಕೈಯಲ್ಲಿ ಆಟದ ಸಾಮಾನು, ತೊಡೆ ಮೇಲೆ ಡೇಟಾ ಶೀಟ್. ಮಗು ಏನು ಕೇಳಿತು, ಎಷ್ಟು ಸಲ ಸಹಾಯ ಬೇಕಾಯಿತು, ಎಷ್ಟು ಸಲ ತಾನಾಗಿಯೇ ಮಾಡಿತು, ಎಲ್ಲವನ್ನೂ ಬರೆಯಬೇಕು. ಸಂಜೆ ಅದನ್ನು ಗ್ರಾಫ್‌ಗೆ ಹಾಕಬೇಕು. ಗೆರೆ ಮೇಲೆ ಹೋಗದಿದ್ದರೆ ಮಗು ಕಲಿಯುತ್ತಿಲ್ಲ ಅನ್ನುವ ಹಾಗಿಲ್ಲ, ನಾವು ಕಲಿಸುವ ರೀತಿ ಬದಲಾಯಿಸಬೇಕು. ಈ ಶಿಸ್ತು ನನಗೆ ತುಂಬಾ ಇಷ್ಟ.

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದ ಹಾಗೆ. ಐದು ವರ್ಷದ ಹುಡುಗ, ಮಾತು ಬಂದಿರಲಿಲ್ಲ. ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದ. ಹಣೆ ಮೇಲೆ ಕಪ್ಪಗೆ ಒಂದು ಗುರುತೇ ಆಗಿತ್ತು. ಮನೆಯಲ್ಲಿ ಎಲ್ಲರೂ ಹಠ ಅಂದುಕೊಂಡಿದ್ದರು. ನಾವು ಮೂರು ಕಾಲಂ ಹಾಕಿ ಬರೆಯುತ್ತಾ ಹೋದೆವು. ಅದಕ್ಕೆ ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಸ್ವಲ್ಪ ದಿನಕ್ಕೆ ಚಿತ್ರ ಸ್ಪಷ್ಟವಾಯಿತು. ಪಜಲ್ ಅಥವಾ ಪೆನ್ಸಿಲ್ ಮುಂದೆ ಬಂದಾಗ ಚಚ್ಚಿಕೊಳ್ಳುತ್ತಿದ್ದ. ಚಚ್ಚಿಕೊಂಡ ಕೂಡಲೇ ದೊಡ್ಡವರು ಗಾಬರಿಯಾಗಿ ಎಲ್ಲ ಎತ್ತಿಟ್ಟು ಅವನನ್ನು ಎತ್ತಿಕೊಳ್ಳುತ್ತಿದ್ದರು. ನನಗೆ ಸಾಕಾಯಿತು ಅಂತ ಹೇಳಲು ಅವನ ಹತ್ತಿರ ಬೇರೆ ದಾರಿಯೇ ಇರಲಿಲ್ಲ.

ಒಂದು ಕಾರ್ಡು ಮಾಡಿದೆವು, "ಸಾಕು" ಅಂತ. ಪಜಲ್ ಒಂದು ತುಂಡಿಗೆ ಇಳಿಸಿದೆವು. ಅವನ ಮುಖ ಬಿಗಿಯಾಗುವ ಮುಂಚೆಯೇ ಹಿಂದಿನಿಂದ ಕೈ ಹಿಡಿದು ಕಾರ್ಡು ಕೊಡಿಸುವುದು. ಕೊಟ್ಟ ತಕ್ಷಣ ಬಿಡುವು. ನಿಧಾನವಾಗಿ ಕೈ ಹಿಡಿಯುವುದು ಕಡಿಮೆ ಮಾಡಿದೆವು, ಬರೀ ಮೊಣಕೈ ಮುಟ್ಟುವುದು, ಆಮೇಲೆ ಅದೂ ಇಲ್ಲ. ಒಂದು ದಿನ ಅವನೇ ಕಾರ್ಡು ತೆಗೆದು ನನ್ನ ಕೈಗೆ ಒತ್ತಿ ಎದ್ದು ಹೋದ. ತಲೆ ಚಚ್ಚಿಕೊಳ್ಳುವುದು ಕ್ರಮೇಣ ನಿಂತಿತು. ಇದು ನಮ್ಮ ಸೆಂಟರ್‌ನವರು ಕಂಡುಹಿಡಿದದ್ದಲ್ಲ. 1985ರಲ್ಲಿ ಕಾರ್ ಮತ್ತು ಡ್ಯುರಾಂಡ್ ಎಂಬ ಇಬ್ಬರು ಪ್ರಕಟಿಸಿದ ಅಧ್ಯಯನದಿಂದ ಬೆಳೆದು ಬಂದ ವಿಧಾನ. ಇವತ್ತಿಗೂ ದಿನಾ ಕೈಗೆ ಬರುತ್ತದೆ.

ಜೆಪಿ ನಗರದ ಅಮ್ಮ

ನಾನು ಥೆರಪಿಸ್ಟ್ ಅಲ್ಲ, ತಾಯಿ. ಮಗನಿಗೆ ಈಗ ಎಂಟು ವರ್ಷ. ಹುಡುಗಿ, ನಿಮ್ಮ ಕೆಲಸದಿಂದ ನಮ್ಮಂಥ ಮನೆಗಳಲ್ಲಿ ಏನು ಬದಲಾಗುತ್ತೆ ಅಂತ ಹೇಳಬೇಕು ಅನ್ನಿಸಿತು.

ಮಗನಿಗೆ ಕೂದಲು ಕತ್ತರಿಸುವುದು ಅಂದರೆ ನಮಗೆ ನರಕವಾಗಿತ್ತು. ನಿದ್ದೆ ಮಾಡುವಾಗ ಕತ್ತರಿ ಹಿಡಿದು ಸ್ವಲ್ಪ ಸ್ವಲ್ಪ ಕತ್ತರಿಸುತ್ತಿದ್ದೆ. ನಮ್ಮ ಥೆರಪಿಸ್ಟ್ ಹುಡುಗಿ ಅದನ್ನು ಚೂರು ಚೂರಾಗಿ ಒಡೆದಳು. ಮೊದಲು ಕಟಿಂಗ್ ಶಾಪ್ ಮುಂದೆ ನಡೆದುಕೊಂಡು ಹೋಗುವುದು ಅಷ್ಟೇ. ಆಮೇಲೆ ಬಾಗಿಲಲ್ಲಿ ನಿಲ್ಲುವುದು. ಆಮೇಲೆ ಒಳಗೆ ಬೆಂಚಿನ ಮೇಲೆ ಕೂತು ಅಪ್ಪನ ಕಟಿಂಗ್ ನೋಡುವುದು. ಮನೆಯಲ್ಲಿ ಟ್ರಿಮ್ಮರ್ ಶಬ್ದವನ್ನು ಮೊಬೈಲ್‌ನಲ್ಲಿ ಸಣ್ಣದಾಗಿ ಹಾಕುವುದು. ಹೆಗಲ ಮೇಲೆ ಟವೆಲ್ ಹಾಕಿ ಆಟ ಆಡಿಸುವುದು. ಅವನು ಬೇಡ ಅಂದರೆ ಒಂದು ಹೆಜ್ಜೆ ಹಿಂದೆ. ಶಾಪಿನವರೂ ಒಳ್ಳೆಯವರು, ಮಧ್ಯಾಹ್ನ ಜನ ಇಲ್ಲದ ಹೊತ್ತಲ್ಲಿ ಬನ್ನಿ ಅಂದರು. ಈಗ ಅವನೇ ಕುರ್ಚಿ ಹತ್ತಿ ಕೂರುತ್ತಾನೆ. ಟ್ರಿಮ್ಮರ್ ಬೇಡ, ಬರೀ ಕತ್ತರಿ. ಅಷ್ಟು ಸಾಕಲ್ವಾ?

ಈಗ ನನ್ನ ದೂರು. ಥೆರಪಿಸ್ಟ್‌ಗಳು ಮೇಲಿಂದ ಮೇಲೆ ಬದಲಾಗುತ್ತಾರೆ. ಮಗ ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಅವರು ಕೆಲಸ ಬಿಟ್ಟಿರುತ್ತಾರೆ. ಇನ್ನೊಂದು, ಮೊದಲು ಹೋಗುತ್ತಿದ್ದ ಕಡೆ ಮನೆಯಲ್ಲಿ ಕನ್ನಡ ನಿಲ್ಲಿಸಿ, ಬರೀ ಇಂಗ್ಲಿಷ್ ಮಾತಾಡಿ ಅಂದಿದ್ದರು. ಅತ್ತೆಗೆ ಇಂಗ್ಲಿಷ್ ಬರಲ್ಲ. ಒಂದು ವರ್ಷ ಅಜ್ಜಿ ಮೊಮ್ಮಗ ಒಂದೇ ಮನೆಯಲ್ಲಿ ಮಾತಿಲ್ಲದೆ ಕಳೆದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಬನಶಂಕರಿ ಥೆರಪಿಸ್ಟ್

ಜೆಪಿ ನಗರದ ಅಮ್ಮ ಹೇಳಿದ ಭಾಷೆಯ ವಿಷಯ ನನಗೂ ತುಂಬಾ ನೋವು ಕೊಡುವಂಥದ್ದು. ಎರಡು ಭಾಷೆ ಕೇಳಿಸಿಕೊಂಡರೆ ಆಟಿಸಂ ಇರುವ ಮಕ್ಕಳಿಗೆ ಮಾತು ಇನ್ನೂ ತಡವಾಗುತ್ತದೆ ಅನ್ನುವುದಕ್ಕೆ ಸಂಶೋಧನೆಯ ಬೆಂಬಲ ಇಲ್ಲ. ಆದರೂ ಸಲೀಸಾಗಿ ಹೇಳಿಬಿಡುತ್ತಾರೆ. ಕಾರಣ ಸರಳ. ತರಬೇತಿ ಇಂಗ್ಲಿಷ್‌ನಲ್ಲಿ, ಕಾರ್ಡು ಇಂಗ್ಲಿಷ್‌ನಲ್ಲಿ, ಪ್ರೋಗ್ರಾಂ ಶೀಟ್ ಇಂಗ್ಲಿಷ್‌ನಲ್ಲಿ. ಮಗು ಸೆಂಟರ್‌ನಲ್ಲಿ "ವಾಟರ್" ಅಂತ ಕಲಿಯುತ್ತೆ. ಮನೆಯಲ್ಲಿ ಅಜ್ಜಿ "ನೀರು ಬೇಕಾ ಕಂದಾ" ಅಂದರೆ ಸುಮ್ನೆ ನೋಡುತ್ತೆ. ಸೆಂಟರ್‌ನಲ್ಲಿ ಕಲಿತದ್ದು ಮನೆಯಲ್ಲಿ, ಬಸ್ಸಲ್ಲಿ, ಮದುವೆ ಮನೆಯಲ್ಲಿ ಉಪಯೋಗಕ್ಕೆ ಬರದಿದ್ದರೆ ಅದನ್ನು ಕಲಿತದ್ದು ಅಂತ ನಾವು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ನಮ್ಮ ಕ್ಷೇತ್ರದ ಮೂಲ ನಿಯಮಗಳಲ್ಲಿ ಇದೂ ಒಂದು. 1968ರಲ್ಲಿ ಬೇರ್, ವೋಲ್ಫ್, ರಿಸ್ಲೆ ಬರೆದ ಪ್ರಬಂಧದಲ್ಲೇ ಇದೆ.

ಹಾಸನದ ಹುಡುಗಿ, ನಿಮ್ಮ ಕನ್ನಡ ಇಲ್ಲಿ ದೊಡ್ಡ ಆಸ್ತಿ. ಮಂಡ್ಯ, ತುಮಕೂರು, ಕೋಲಾರದಿಂದ ಬರುವ ತಾಯಂದಿರಿಗೆ ಅವರ ಮಾತಲ್ಲೇ ವಿವರಿಸುವವರು ಸಾಲದು.

ಬಿಟ್ಟು ಬಂದವನು

ನಾನು ಬಿಟ್ಟವನು. ಕೇಳಿದ್ದೀರಿ ಅಂತ ಹೇಳುತ್ತೇನೆ, ಯಾರ ಮೇಲೂ ಸಿಟ್ಟಿಲ್ಲ.

ಮಕ್ಕಳಿಂದಾಗಿ ಬಿಡಲಿಲ್ಲ. ಕಚ್ಚಿಸಿಕೊಂಡಿದ್ದೇನೆ, ಕೂದಲು ಎಳೆಸಿಕೊಂಡಿದ್ದೇನೆ. ಅದಕ್ಕೆ ಮನಸ್ಸು ಹೊಂದಿಕೊಳ್ಳುತ್ತದೆ. ನನಗೆ ಸಾಕು ಅನ್ನಿಸಿದ್ದು ಬೇರೆ ವಿಷಯ. ಸೇರಿದ ಸೆಂಟರ್‌ನಲ್ಲಿ ಸೂಪರ್‌ವೈಸರ್ ಅಂತ ಒಬ್ಬರ ಹೆಸರು ಬೋರ್ಡಿನಲ್ಲಿತ್ತು. ಅವರು ಬರುತ್ತಿದ್ದುದು ಅಪರೂಪ. ಒಂದು ವಾರದ ತರಬೇತಿ ಕೊಟ್ಟು ಮಗುವನ್ನು ಕೈಗೆ ಕೊಟ್ಟರು. ಮಗು ಜೋರಾಗಿ ಅತ್ತರೆ ಏನು ಮಾಡಬೇಕು ಅಂತ ಕೇಳಲು ಯಾರೂ ಇರಲಿಲ್ಲ. ತಂದೆ ತಾಯಿ ಕೊಡುವ ಫೀಸು ಎಷ್ಟು, ನನ್ನ ಕೈಗೆ ಬರುವುದು ಎಷ್ಟು ಅಂತ ನೋಡಿದಾಗ ಬೇಸರವಾಗುತ್ತಿತ್ತು. ಒಂದರ ಹಿಂದೆ ಒಂದು ಸೆಷನ್, ಊಟಕ್ಕೂ ಸರಿಯಾಗಿ ಬಿಡುವಿಲ್ಲ. ಮನೆಗೆ ಹೋಗಿ ಮಾಡುವ ಸೆಷನ್ ಆದರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ನನ್ನ ಲೆಕ್ಕಕ್ಕೆ, ಅದಕ್ಕೆ ದುಡ್ಡಿಲ್ಲ.

ಅದಕ್ಕಿಂತ ಭಾರ ಅನ್ನಿಸಿದ್ದು ಅಪ್ಪ ಅಮ್ಮಂದಿರ ಪ್ರಶ್ನೆ. "ಇವನು ಯಾವಾಗ ಸರಿಹೋಗ್ತಾನೆ ಸರ್?" ಆಟಿಸಂ ವಾಸಿಯಾಗುವ ಕಾಯಿಲೆ ಅಲ್ಲ ಅಂತ ನನಗೆ ಗೊತ್ತು. ಆದರೆ ಸೆಂಟರ್‌ನವರು ಸೇರಿಸಿಕೊಳ್ಳುವಾಗ ಬೇರೆಯೇ ಏನೋ ಆಸೆ ಹುಟ್ಟಿಸಿರುತ್ತಾರೆ. ನಡುವೆ ಸಿಕ್ಕಿಕೊಳ್ಳುವುದು ನಾವು. ಈಗ ನಾನು ಒಂದು ಶಾಲೆಯಲ್ಲಿ ಕೌನ್ಸೆಲರ್. ನೆಮ್ಮದಿಯಾಗಿದ್ದೇನೆ. ಆ ಮಕ್ಕಳ ನೆನಪು ಮಾತ್ರ ಹೋಗಿಲ್ಲ.

ನ್ಯೂಜೆರ್ಸಿ ಕನ್ನಡತಿ

ಇಲ್ಲಿನ ಪರಿಸ್ಥಿತಿ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಗಂಡನ ಜೊತೆ ಎಚ್4 ವೀಸಾದಲ್ಲಿ ಬಂದು ಇಎಡಿ ಅಂದರೆ ಕೆಲಸ ಮಾಡುವ ಅನುಮತಿ ಸಿಕ್ಕ ಮೇಲೆ ಈ ಕೆಲಸಕ್ಕೆ ಸೇರುವ ನಮ್ಮ ಕಡೆಯ ಹೆಣ್ಣುಮಕ್ಕಳು ಇಲ್ಲಿ ಸುಮಾರು ಜನ ಇದ್ದಾರೆ. ನಾನೂ ಹಾಗೇ ಸೇರಿದವಳು.

ಮೊದಲ ಮೆಟ್ಟಿಲು ಆರ್‌ಬಿಟಿ, ಅಂದರೆ ರಿಜಿಸ್ಟರ್ಡ್ ಬಿಹೇವಿಯರ್ ಟೆಕ್ನಿಷಿಯನ್. ಹೈಸ್ಕೂಲ್ ಮುಗಿದಿರಬೇಕು, 18 ವರ್ಷ ಆಗಿರಬೇಕು, 40 ಗಂಟೆಯ ತರಬೇತಿ, ಕೈಯಾರೆ ಮಾಡಿ ತೋರಿಸುವ ಮೌಲ್ಯಮಾಪನ, ಪರೀಕ್ಷೆ. ಕೆಲಸ ಮಾಡುವ ಗಂಟೆಗಳಲ್ಲಿ ಕನಿಷ್ಠ ನೂರಕ್ಕೆ ಐದರಷ್ಟಾದರೂ ಮೇಲಿನವರ ಮೇಲ್ವಿಚಾರಣೆ ಇರಲೇಬೇಕು. ಅದರ ಮೇಲಿನ ದೊಡ್ಡ ಮೆಟ್ಟಿಲು ಬಿಸಿಬಿಎ, ಅಂದರೆ ಬೋರ್ಡ್ ಸರ್ಟಿಫೈಡ್ ಬಿಹೇವಿಯರ್ ಅನಲಿಸ್ಟ್. ಅದಕ್ಕೆ ಮಾಸ್ಟರ್ಸ್, ಜೊತೆಗೆ ಮೇಲ್ವಿಚಾರಣೆಯಲ್ಲಿ 2000 ಗಂಟೆ ಕೆಲಸ, ಆಮೇಲೆ ಪರೀಕ್ಷೆ. ಮೇಲ್ವಿಚಾರಣೆ ಜಾಸ್ತಿ ಇರುವ ದಾರಿ ಹಿಡಿದರೆ 1500 ಗಂಟೆ. ಮಕ್ಕಳು, ಮನೆ, ಕೆಲಸ ಇಟ್ಟುಕೊಂಡು ಓದುವುದು ಕಷ್ಟವೇ, ಆದರೂ ಮಾಡಿ ಮುಗಿಸಿದವರನ್ನು ನೋಡಿದ್ದೇನೆ.

ಇಲ್ಲಿ ಕೆಲಸ ಬೇಕಾದಷ್ಟು ಇರುವುದಕ್ಕೆ ಇನ್ಶೂರೆನ್ಸ್ ಕಾರಣ. ಆಟಿಸಂ ಚಿಕಿತ್ಸೆಗೆ ಇನ್ಶೂರೆನ್ಸ್ ಕೊಡಬೇಕು ಅಂತ 50 ರಾಜ್ಯಗಳಲ್ಲೂ ನಿಯಮ ಇದೆ. ಒಳ್ಳೆಯದೇ. ಆದರೆ ಅದರ ಬೆಲೆಯೂ ಇದೆ. ಪ್ರತಿ ಸೆಷನ್‌ಗೂ ನೋಟ್ಸ್, ಪ್ರತಿ ಗಂಟೆಗೂ ಬಿಲ್. ಮಗುವಿಗೆ ಜ್ವರ ಬಂದು ಸೆಷನ್ ರದ್ದಾದರೆ ಆ ದಿನದ ದುಡಿಮೆ ಹೋಯಿತು. ಮಗುವಿಗೆ ವಾರಕ್ಕೆ ಎಷ್ಟು ಗಂಟೆ ಬೇಕು ಅನ್ನುವುದನ್ನು ಮಗುವಿನ ಅಗತ್ಯ ನೋಡಿ ಹೇಳಬೇಕು. ಕಂಪನಿಯ ಲೆಕ್ಕಾಚಾರ ನೋಡಿ ಹೇಳುವ ಕಡೆ ಕೆಲಸ ಮಾಡಬೇಡಿ, ಇಲ್ಲಾದರೂ ಅಷ್ಟೇ, ಅಲ್ಲಾದರೂ ಅಷ್ಟೇ.

ಸದ್ದು ಬೇಡ

ನನಗೆ 29 ವರ್ಷ. ಆಟಿಸಂ ಇದೆ ಅಂತ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಎಬಿಎ ಬಗ್ಗೆ ನಮ್ಮ ಸಮುದಾಯದಲ್ಲಿ ಎಷ್ಟು ಸಿಟ್ಟು ಇದೆ ಅನ್ನುವುದನ್ನು ಈ ಚರ್ಚೆಯಲ್ಲಿ ಯಾರೂ ಹೇಳಿಲ್ಲ.

ಆಟಿಸಂ ಮಕ್ಕಳಿಗೆ ಎಬಿಎ ಬಳಸಿದ ಅಮೆರಿಕದ ಮನೋವಿಜ್ಞಾನಿ ಲೋವಾಸ್ 1987ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲರೂ ಎತ್ತಿ ಹೇಳುತ್ತಾರೆ. 19 ಮಕ್ಕಳಿಗೆ ವಾರಕ್ಕೆ 40 ಗಂಟೆ ಕಲಿಸಿದರು, 9 ಮಕ್ಕಳು ಸಾಮಾನ್ಯ ತರಗತಿಗೆ ಹೋದರು ಅಂತ. ಅದೇ ಅಧ್ಯಯನದಲ್ಲಿ ಮಕ್ಕಳಿಗೆ ಗದರುವುದು, ತೊಡೆ ಮೇಲೆ ಹೊಡೆಯುವುದೂ ಇತ್ತು ಅಂತ ಯಾರೂ ಹೇಳುವುದಿಲ್ಲ. ನನ್ನ ಕೈ ಬೀಸುವಿಕೆಯಿಂದ ಯಾರಿಗೂ ನೋವಾಗುವುದಿಲ್ಲ. ಅದು ನನ್ನನ್ನು ಸಮಾಧಾನವಾಗಿ ಇಡುತ್ತದೆ. ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಮಾತು ಕಿವಿಗೆ ಬೀಳುವುದೇ ಇಲ್ಲ ನನಗೆ. ಕೈ ಬೀಸುವುದನ್ನು ನಿಲ್ಲಿಸಲು, ಕಣ್ಣಿಟ್ಟು ನೋಡುವ ಹಾಗೆ ಮಾಡಲು ಚಾಕ್ಲೆಟ್ ಕೊಟ್ಟು ತರಬೇತಿ ಕೊಡುತ್ತೀರಿ. ಮಗು ದೊಡ್ಡವರು ಹೇಳಿದ್ದಕ್ಕೆಲ್ಲ ಹೂಂ ಅನ್ನುವುದನ್ನು ಕಲಿತರೆ, ನಾಳೆ ಯಾರಾದರೂ ಕೆಟ್ಟದಾಗಿ ನಡೆದುಕೊಂಡಾಗ ಬೇಡ ಅನ್ನುವುದು ಹೇಗೆ?

ಹಾಸನದವರೇ, ನೀವು ಸೇರುವ ಮುಂಚೆ ಇದನ್ನು ಯೋಚಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ಬನಶಂಕರಿ ಥೆರಪಿಸ್ಟ್

ಬರೆದದ್ದಕ್ಕೆ ಧನ್ಯವಾದ. ನೀವು ಹೇಳಿದ್ದರಲ್ಲಿ ನಾನು ಅಲ್ಲಗಳೆಯುವುದು ಏನೂ ಇಲ್ಲ. ಆ ಅಧ್ಯಯನದಲ್ಲಿ ಮಕ್ಕಳನ್ನು ಗುಂಪುಗಳಿಗೆ ಚೀಟಿ ಎತ್ತಿದ ಹಾಗೆ ಹಂಚಿರಲಿಲ್ಲ, ಹಾಗಾಗಿ ಆ ಸಂಖ್ಯೆಗಳನ್ನು ಇಟ್ಟುಕೊಂಡು ಪೋಷಕರಿಗೆ ಭರವಸೆ ಕೊಡುವುದೂ ತಪ್ಪು. ಅಮೆರಿಕದಲ್ಲಿ ವಿದ್ಯುತ್ ಶಾಕ್ ಕೊಡುವ ಕ್ರಮ ಒಂದು ಕಡೆ ದಶಕಗಳ ಕಾಲ ನಡೆದುಕೊಂಡು ಬಂದಿದೆ. ನಮ್ಮ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಅದನ್ನು ಬಹಿರಂಗವಾಗಿ ವಿರೋಧಿಸಿದ್ದು 2022ರಲ್ಲಿ. ಅಷ್ಟು ತಡವಾಗಿದ್ದು ನಾಚಿಕೆಯ ವಿಷಯ.

ನಾನು ಹೊಸಬರಿಗೆ ಹೇಳಿಕೊಡುವುದನ್ನು ಇಲ್ಲೂ ಹೇಳುತ್ತೇನೆ. ಗುರಿ ಬರೆಯುವ ಮುಂಚೆ ಇದು ಯಾರಿಗೆ ಬೇಕು ಅಂತ ಕೇಳಿ. ಮಗು ತನಗೆ ಬೇಕಾದ್ದನ್ನು ಕೇಳುವುದು, ಬೇಡ ಅನ್ನುವುದು, ಬಟ್ಟೆ ಹಾಕಿಕೊಳ್ಳುವುದು, ರಸ್ತೆ ದಾಟುವಾಗ ನಿಲ್ಲುವುದು, ಟಾಯ್ಲೆಟ್‌ಗೆ ಹೋಗುವುದು, ಇವು ಮಗುವಿಗೆ ಬೇಕು. ಕಣ್ಣಿಟ್ಟು ನೋಡುವುದು, ಕೈ ಬೀಸದೆ ಕೂರುವುದು ನಮಗೆ ಬೇಕು. ಎರಡನೆಯದನ್ನು ನಾವು ಗುರಿಯಾಗಿ ಬರೆಯುವುದೇ ಇಲ್ಲ. ಶಾಲೆಯವರು ಒತ್ತಾಯ ಮಾಡಿದರೆ ಶಾಲೆಯವರ ಜೊತೆ ಮಾತಾಡುತ್ತೇವೆ. ಮಗು ಎದ್ದು ಹೋದರೆ ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ. ಯಾಕೆ ಹೋಯಿತು ಅಂತ ಬರೆದುಕೊಳ್ಳುತ್ತೇವೆ. ಮೊದಲು ಕಲಿಸುವ ಮಾತುಗಳಲ್ಲಿ "ಬೇಡ" ಇರಲೇಬೇಕು. ಅದನ್ನು ಹೇಳಿದಾಗ ಕೇಳಬೇಕಾದವರು ನಾವು.

ಎಲ್ಲಾ ಕಡೆ ಹೀಗೆ ನಡೆಯುತ್ತಿಲ್ಲ ಅಂತ ನನಗೂ ಗೊತ್ತು. ಅದಕ್ಕೇ ಒಳ್ಳೆಯವರು ಈ ಕೆಲಸಕ್ಕೆ ಬರಬೇಕು ಅಂತ ನನ್ನ ಆಸೆ.

ಸದ್ದು ಬೇಡ

ಬಾಗಿಲಿಗೆ ಅಡ್ಡ ನಿಲ್ಲುವುದಿಲ್ಲ ಅನ್ನುವ ಮಾತು ಓದಿ ಸಮಾಧಾನವಾಯಿತು. ಎಲ್ಲಾ ಸೆಂಟರ್‌ನವರೂ ಇದನ್ನು ಬರೆದುಕೊಡಲಿ.

ಮೈಸೂರಿನ ವಿಶೇಷ ಶಿಕ್ಷಕ

ಬೆಳೆಯುವ ದಾರಿ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ, ನಾನು ಹೇಳುತ್ತೇನೆ. ಇದು ಕಾಗದ ಪತ್ರದ ವಿಷಯ, ಆದರೆ ಮುಂದಿನ ಇಪ್ಪತ್ತು ವರ್ಷದ ಪ್ರಶ್ನೆ.

ನ್ಯೂಜೆರ್ಸಿ ಮೇಡಂ ಹೇಳಿದ ಬಿಸಿಬಿಎ ಕೊಡುವ ಮಂಡಳಿ ಅಮೆರಿಕದ್ದು, 1998ರಲ್ಲಿ ಶುರುವಾಯಿತು. 2023ರ ಜನವರಿಯಿಂದ ಅದು ಅಮೆರಿಕ, ಕೆನಡಾದಂಥ ಕೆಲವೇ ದೇಶಗಳಲ್ಲಿ ಇರುವವರಿಗೆ ಮಾತ್ರ ಹೊಸ ಸರ್ಟಿಫಿಕೇಟ್ ಕೊಡುತ್ತಿದೆ. ಭಾರತದಲ್ಲಿ ಕೂತು ಈಗ ಹೊಸದಾಗಿ ಬಿಸಿಬಿಎ ಆಗಲು ಬರುವುದಿಲ್ಲ. ಯಾರಾದರೂ ನಮ್ಮ ಕೋರ್ಸ್ ಮಾಡಿ, ಇಲ್ಲೇ ಬಿಸಿಬಿಎ ಆಗಿ ಅಂತ ಜಾಹೀರಾತು ಕೊಟ್ಟರೆ ದುಡ್ಡು ಕಟ್ಟುವ ಮುಂಚೆ ನಾಲ್ಕು ಸಲ ಕೇಳಿ. ಅದರ ಬದಲು ಕ್ಯೂಎಬಿಎ, ಐಬಿಎಒ ಅನ್ನುವ ಬೇರೆ ಸಂಸ್ಥೆಗಳ ಸರ್ಟಿಫಿಕೇಟ್‌ಗಳು ಇವೆ. ಇಲ್ಲಿನ ಸೆಂಟರ್‌ಗಳಲ್ಲಿ ಅವು ನಡೆಯುತ್ತವೆ.

ನಮ್ಮ ದೇಶದ ಕಾನೂನು ಬೇರೆ. ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಸ್ಪೀಚ್ ಥೆರಪಿಸ್ಟ್‌ಗಳಿಗೆ ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು ಇದೆ, 1992ರ ಕಾಯ್ದೆ. ಅದರಲ್ಲಿ ನೋಂದಾಯಿಸಿಕೊಂಡರೆ ಸಿಆರ್‌ಆರ್ ನಂಬರ್ ಸಿಗುತ್ತದೆ. ಎಬಿಎ ಮಾಡುವವರಿಗೆ ಆ ಪಟ್ಟಿಯಲ್ಲಿ ಅವರದೇ ಜಾಗ ಇಲ್ಲ. 2021ರಲ್ಲಿ ಬಂದ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ ಬಿಹೇವಿಯರಲ್ ಅನಲಿಸ್ಟ್ ಅನ್ನುವ ಹೆಸರು ಇದೆ. ಅದು ನನಗೆ ಆಶಾದಾಯಕ ಅನ್ನಿಸುತ್ತೆ.

ಹಾಗಾಗಿ ನನ್ನ ಸಲಹೆ, ಅಪ್ಪನ ಮಾತನ್ನೂ ನಿಮ್ಮ ಆಸೆಯನ್ನೂ ಸೇರಿಸಿ. ಆರ್‌ಸಿಐ ಮಾನ್ಯತೆ ಇರುವ ವಿಶೇಷ ಶಿಕ್ಷಣದ ಬಿ.ಎಡ್. ಮಾಡಿ. ಅದರ ಜೊತೆ ಎಬಿಎ ಕಲಿಯಿರಿ. ಶಾಲೆಯಲ್ಲೂ ಕೆಲಸ ಸಿಗುತ್ತೆ, ಸೆಂಟರ್‌ನಲ್ಲೂ ಸಿಗುತ್ತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ, ಶಾಲೆಗಳಿಗೆ ವಿಶೇಷ ಶಿಕ್ಷಕರು ಬೇಕೇ ಬೇಕು.

ಪೋಷಕರಿಗೂ ಒಂದು ಮಾತು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ಆಟಿಸಂ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಅದರೊಳಗೆ ಥೆರಪಿ ಖರ್ಚಿಗೂ ಒಂದು ಭಾಗ ಇದೆ. ತುಂಬಾ ಜನ ಇದನ್ನು ಮಾಡಿಸಿಯೇ ಇಲ್ಲ.

ಜೆಪಿ ನಗರದ ಅಮ್ಮ

ನಿರಾಮಯ ನಾವು ಮಾಡಿಸಿದ್ದೇವೆ. ಮೊದಲು ಅಂಗವೈಕಲ್ಯ ಪ್ರಮಾಣಪತ್ರ ಬೇಕು, ಅದಕ್ಕೆ ಸ್ವಲ್ಪ ಓಡಾಟ ಆಗುತ್ತೆ. ಆದರೂ ಮಾಡಿಸಿ.

ದಾವಣಗೆರೆ ಅಪ್ಪ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ಥೆರಪಿಸ್ಟ್ ಮೇಡಂಗೆ ಒಂದು ಪ್ರಶ್ನೆ. ಮಗಳು ಮೊಬೈಲ್‌ಗಾಗಿ ಕಿರುಚುತ್ತಾಳೆ. ಅವಳ ಥೆರಪಿಸ್ಟ್ ಕೊಡಬೇಡಿ, ಕಿರುಚಲಿ ಅಂದರು. ಹಾಗೆ ಮಾಡಿದರೆ ಇನ್ನೂ ಜಾಸ್ತಿ ಆಯಿತು. ನಮ್ಮ ತಾಯಿಗೆ ನೋಡಲಾಗದೆ ಕೊಟ್ಟುಬಿಟ್ಟರು. ಈ ವಿಧಾನ ನಮ್ಮಂಥ ಮನೆಗೆ ಆಗುತ್ತಾ?

ಬನಶಂಕರಿ ಥೆರಪಿಸ್ಟ್

ಸರ್, ಜಾಸ್ತಿ ಆಗುವುದು ಸಹಜ. ಇಷ್ಟು ದಿನ ಕೆಲಸಕ್ಕೆ ಬಂದ ದಾರಿ ಇದ್ದಕ್ಕಿದ್ದಂತೆ ಮುಚ್ಚಿದರೆ ಮಗು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಆ ಹೊತ್ತಿನಲ್ಲಿ ಕೊಟ್ಟರೆ, ಇಷ್ಟು ಜೋರಾಗಿ ಕಿರುಚಿದರೆ ಸಿಗುತ್ತೆ ಅಂತ ಕಲಿಯುತ್ತದೆ. ಅದಕ್ಕೇ ಬರೀ ಕೊಡಬೇಡಿ ಅಂತ ಹೇಳಿ ಕಳಿಸುವುದು ಅರ್ಧ ಸಲಹೆ. ಮೊದಲು ಕೇಳುವ ಬೇರೆ ದಾರಿ ಕಲಿಸಬೇಕು, ಚಿತ್ರ ತೋರಿಸುವುದೋ, ಕೈ ಚಾಚುವುದೋ, "ಕೊಡು" ಅನ್ನುವುದೋ. ಹಾಗೆ ಕೇಳಿದಾಗ ತಕ್ಷಣ ಕೊಡಿ, ಶುರುವಿನಲ್ಲಿ ಪ್ರತಿ ಸಲವೂ. ಅದು ಗಟ್ಟಿಯಾದ ಮೇಲೆ ಸ್ವಲ್ಪ ಕಾಯುವುದನ್ನು ಕಲಿಸಬಹುದು. ತಲೆ ಚಚ್ಚಿಕೊಳ್ಳುವುದು, ಕಚ್ಚಿಕೊಳ್ಳುವುದು ಇದ್ದರೆ ಮಾತ್ರ ಮನೆಯಲ್ಲೇ ಪ್ರಯೋಗ ಮಾಡಬೇಡಿ, ತಿಳಿದವರು ನೋಡಲಿ.

ನಿಮ್ಮ ತಾಯಿಯವರನ್ನು ಸೆಷನ್‌ಗೆ ಕರೆದುಕೊಂಡು ಹೋಗಿ. ಅವರ ಕೈಯಿಂದಲೇ ಕೊಡಿಸಲಿ, ಮಗು ಕೇಳಿದಾಗ. ಅಜ್ಜಿಯರನ್ನು ದೂರ ಇಟ್ಟು ನಡೆದ ಕೆಲಸ ನಮ್ಮ ಮನೆಗಳಲ್ಲಿ ನಿಲ್ಲುವುದಿಲ್ಲ. ಹಾಸನದ ಹುಡುಗಿ, ನೋಡಿ, ನಿಮ್ಮ ಕೆಲಸದಲ್ಲಿ ಅರ್ಧ ಪಾಲು ಹೀಗೆ ದೊಡ್ಡವರಿಗೆ ಹೇಳಿಕೊಡುವುದೇ.

ಹಾಸನದ ಹುಡುಗಿ

ಇಷ್ಟು ಜನ ಇಷ್ಟು ಬಿಡಿಸಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. "ಸದ್ದು ಬೇಡ" ಅವರಿಗೆ ವಿಶೇಷವಾಗಿ.

ಸೆಂಟರ್‌ಗೆ ಫೋನ್ ಮಾಡಿ ಸೂಪರ್‌ವೈಸರ್ ಬಗ್ಗೆ ಕೇಳಿದೆ. ವಾರಕ್ಕೆ ಎರಡು ಸಲ ಪಕ್ಕದಲ್ಲಿ ಕೂರುತ್ತಾರಂತೆ. ಸೇರುವ ಮುಂಚೆ ಒಂದು ದಿನ ಬಂದು ನೋಡಿ ಅಂದಿದ್ದಾರೆ. ಸೋಮವಾರ ಹೋಗುತ್ತಿದ್ದೇನೆ. ಏನು ನೋಡಲಿ?

ಬನಶಂಕರಿ ಥೆರಪಿಸ್ಟ್

ಬಂದು ನೋಡಿ ಅಂದರಲ್ಲ, ಅದೇ ಒಳ್ಳೆಯ ಲಕ್ಷಣ.

ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಬಾಗಿಲ ಹತ್ತಿರ ಇರಿ. ಥೆರಪಿಸ್ಟ್ ಮುಖ ನೋಡಿ ಒಳಗೆ ಓಡುತ್ತಾರಾ, ಅಮ್ಮನ ಸೆರಗು ಬಿಡದೆ ಅಳುತ್ತಾರಾ ನೋಡಿ. ಒಂದಿಬ್ಬರು ಅಳಬಹುದು, ಎಲ್ಲರೂ ಅಳಬಾರದು. ಮಗು ಬೇಡ ಅಂದಾಗ ಏನು ಮಾಡುತ್ತಾರೆ ಗಮನಿಸಿ. ಪೋಷಕರನ್ನು ಒಳಗೆ ಬಿಡುತ್ತಾರಾ ಕೇಳಿ. ಬಿಡದಿದ್ದರೆ ಯಾಕೆ ಅಂತ ಕೇಳಿ. ಹೆಸರು ಮುಚ್ಚಿ ಒಂದು ಡೇಟಾ ಶೀಟ್ ತೋರಿಸಲು ಹೇಳಿ. ಸೆಷನ್ ನಡೆಯುವಾಗಲೇ ತುಂಬುತ್ತಿದ್ದಾರಾ, ಸಂಜೆ ಕೂತು ನೆನಪಿನಿಂದ ತುಂಬುತ್ತಾರಾ ಗೊತ್ತಾಗುತ್ತೆ. ಅಲ್ಲಿ ಕೆಲಸ ಮಾಡುವ ಹುಡುಗಿಯರ ಜೊತೆ ಊಟದ ಹೊತ್ತಲ್ಲಿ ಕೂತು, ಎಷ್ಟು ದಿನದಿಂದ ಇದ್ದೀರಿ ಅಂತ ವಿಚಾರಿಸಿ. ಎಲ್ಲರೂ ಹೊಸಬರಾದರೆ ಸ್ವಲ್ಪ ಯೋಚಿಸಿ.

ಸಂಬಳ, ರಜೆ, ಮನೆಗೆ ಹೋಗುವ ಸೆಷನ್‌ನ ಪ್ರಯಾಣದ ಖರ್ಚು, ಮೂರನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಬಾಂಡ್ ಅಂತ ಏನಾದರೂ ಸಹಿ ಕೇಳಿದರೆ ಅಲ್ಲೇ ಹಾಕಬೇಡಿ, ಮನೆಗೆ ತಂದು ಅಪ್ಪನಿಗೆ ತೋರಿಸಿ. ಹತ್ತಿ ಚೂಡಿದಾರ್ ಹಾಕಿಕೊಂಡು ಹೋಗಿ, ನೆಲದ ಮೇಲೆ ಕೂರಬೇಕಾಗುತ್ತೆ. ಓಲೆ ಚಿಕ್ಕದಿರಲಿ, ಮಕ್ಕಳು ಎಳೆಯುತ್ತಾರೆ. ಸೋಮವಾರ ಸಂಜೆ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.